ಮಗಳಿಗೊಂದು ಪತ್ರ: ಹಳೇ ಬಾಗಿಲು ಕೆರೆಸುವ ಮುಂಚೆ

ಸಾಗರ

ಪುಟ್ಟೀ,

ದೀಪಾವಳಿಯೊಳಗೆ ತೀರ್ಥಹಳ್ಳಿ ಮನೆಗೆ ಬಣ್ಣ ಹೊಡೆಸ್ತೀವಿ ಅಂದೆಯಲ್ಲ. ಗೋಡೆ ಹೇಗಾದರೂ ಆಗಲಿ, ಆ ಹಸಿರು ಬಾಗಿಲು, ಕಿಟಕಿಗಳದ್ದೇ ನನಗೆ ಯೋಚನೆ. ಬಣ್ಣದಲ್ಲಿ ಸೀಸ (ಲೆಡ್ ಅನ್ನೋ ವಿಷದ ಲೋಹ) 90 ಪಿಪಿಎಂ, ಅಂದರೆ ಕೆಜಿಗೆ 90 ಮಿಲಿಗ್ರಾಂ ಮೀರಬಾರದು ಅನ್ನೋ ನಿಯಮ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ. ಅದಕ್ಕೂ ಹಳೇ ಎನಾಮೆಲ್, ಅದರಲ್ಲೂ ಹಳದಿ, ಹಸಿರು, ಕೆಂಪು ಇದ್ದರೆ ಸೀಸ ಇದೆ ಅಂತಲೇ ಹಿಡಿ.

ಗಟ್ಟಿಯಾಗಿ ಕೂತ ಬಣ್ಣದಿಂದ ಅಷ್ಟು ಭಯವಿಲ್ಲ. ಮಳೆಗಾಲದಲ್ಲಿ ಮರ ಉಬ್ಬಿ ಕಿಟಕಿ ಬಿಗಿಯುತ್ತಲ್ಲ, ಆಗ ಎಳೆದು ತೆಗೆದಾಗಲೆಲ್ಲ ಉಜ್ಜಿ ಸಂದಿಯಲ್ಲಿ ಪುಡಿ ಬೀಳುತ್ತೆ. ಕೇಡೆಲ್ಲ ಅದರದ್ದು. ಅಂಬೆಗಾಲಿಡುವ ಕೂಸಿನ ಕೈ ನೆಲದಿಂದ ನೇರ ಬಾಯಿಗೆ; ಮಕ್ಕಳ ಮೈ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಸೀಸ ಹೀರಿಕೊಳ್ಳುತ್ತೆ.

ಬಣ್ಣದವರು ಒಣ ಉಪ್ಪುಕಾಗದ, ಗ್ರೈಂಡರ್, ಬ್ಲೋ ಲ್ಯಾಂಪ್ ತಂದರೆ ಬೇಡ ಅನ್ನು. "ಒಂದೇ ದಿನಕ್ಕೆ ಮುಗೀತದೆ ಅಕ್ಕಾ" ಅಂದರೂ ಒಪ್ಪಬೇಡ. ಧೂಳಿನಲ್ಲೂ ಸೀಸ, ಸುಟ್ಟ ಹೊಗೆಯಲ್ಲೂ ಸೀಸ. ಸಾಮಾನು ಹೊರಗಿಟ್ಟು ನೆಲಕ್ಕೆ ದಪ್ಪ ಪ್ಲಾಸ್ಟಿಕ್ ಹಾಸಿ, ಅಂಚಿಗೆ ಟೇಪ್ ಅಂಟಿಸಿ. ಅಡಿಕೆ ಒಣಗಿಸೋ ಟಾರ್ಪಾಲು ಮಾತ್ರ ಬೇಡ. ನೀರು ಚಿಮುಕಿಸಿ, ವಾಟರ್ ಪೇಪರಿನಲ್ಲಿ ಎದ್ದ ಬಣ್ಣವನ್ನಷ್ಟೇ ಉಜ್ಜಲಿ. ಒಣಗಿದಂತೆ ಮತ್ತೆ ಚಿಮುಕಿಸಲಿ. ಉಜ್ಜುವವರಿಗೆ ಎನ್95 ಮಾಸ್ಕ್ ಕೊಡು. ಸಂಜೆ ಪ್ಲಾಸ್ಟಿಕ್ಕನ್ನು ಒಳಮುಖ ಮಡಚಿ ಚೀಲಕ್ಕೆ ಕಟ್ಟಿ. ಪೊರಕೆ ಮುಟ್ಟಲೇಬೇಡ, ಗುಡಿಸಿದರೆ ಪುಡಿ ಮತ್ತೆ ಏಳುತ್ತೆ. ಸೋಪಿನ ನೀರಲ್ಲಿ ಒಮ್ಮೆ, ಬೇರೆ ಬಕೆಟ್ಟಿನ ಚೊಕ್ಕ ನೀರಲ್ಲಿ ಇನ್ನೊಮ್ಮೆ ಒರೆಸು.

ಕಿತ್ತ ದಾರಂದದ ತುಂಡು ಒಣ ಸೌದೆಯಂತೆ ಕಂಡೀತು, ಬಚ್ಚಲ ಒಲೆಗೆ ಹಾಕಬೇಡ. ಆ ಬೂದಿಯೇ ನಾಳೆ ಪಾತ್ರೆ ತಿಕ್ಕೋಕೆ, ಬಸಳೆ ಬುಡಕ್ಕೆ ಹೋಗೋದು.

ಹಾಗೇ ಹಿತ್ತಾಳೆ ತಪ್ಪಲೆ ವಿಷಯ. ಕಲಾಯಿಯ ತವರಕ್ಕೆ ಸೀಸ ಬೆರೆಸಿದ್ದರೆ ಕಣ್ಣಿಗೆ ತಿಳಿಯಲ್ಲ, ಹುಳಿಗೆ ಅದು ಬಿಟ್ಟುಕೊಳ್ಳುತ್ತೆ. ಅಪ್ಪೆಹುಳಿ, ಸಾರು ಸ್ಟೀಲಿನಲ್ಲೇ ಮಾಡು.

ಕೂಸು ಚೆನ್ನಾಗಿ ಆಡ್ತಿದೆ ಅಂತ ಸುಮ್ಮನಿರಬೇಡ. ಸೀಸ ರಕ್ತಪರೀಕ್ಷೆಯಲ್ಲೇ ಗೊತ್ತಾಗೋದು, ಡಾಕ್ಟರ ಹತ್ತಿರ ಕೇಳು. ಮೈಯಲ್ಲಿ ಕಬ್ಬಿಣದಂಶ ಕಡಿಮೆಯಿದ್ದರೆ ಸೀಸ ಹೆಚ್ಚು ಹೀರುತ್ತೆ, ಅದನ್ನೂ ನೋಡಿಸು.

ಕೆಲಸ ಶುರುವಾಗೋ ಹಿಂದಿನ ದಿನವೇ ಕೂಸನ್ನ ಕರ್ಕೊಂಡು ಇಲ್ಲಿಗೆ ಬಂದುಬಿಡು. ನೆಲ ಎರಡು ಸಲ ಒರೆಸಿ ಆದ ಮೇಲೆ ವಾಪಸ್ ಹೋದರಾಯ್ತು.

ಅಮ್ಮ