ಟೇಪಿನ ಎರಡು ಬದಿ

ನಮ್ಮ ಹುಡುಗಿ ಒಂಬತ್ತನೇ ತರಗತಿ ಪಾಸಾದಳು. ವಿಜ್ಞಾನದಲ್ಲಿ 80ಕ್ಕೆ 58. ಮಧ್ಯವಾರ್ಷಿಕ ಪರೀಕ್ಷೆಯಲ್ಲಿ ಇದೇ ವಿಜ್ಞಾನಕ್ಕೆ 19 ಬಂದಿತ್ತು. ಹನುಮಂತನಗರದಲ್ಲಿ ಟೈಲರಿಂಗ್ ಅಂಗಡಿ ಇಟ್ಟುಕೊಂಡಿರುವ ನನಗೆ ಬರೆದು ಅಭ್ಯಾಸವಿಲ್ಲ. ಆದರೂ ಕೆಲವರ ಋಣವನ್ನು ನಾಲ್ಕು ಜನರ ಮುಂದೆ ಹೇಳಿಕೊಳ್ಳಲೇಬೇಕು.

ಮೊದಲು ಮೇಷ್ಟ್ರು. ಪ್ಯಾಂಟಿನ ಸೊಂಟ ಬಿಡಿಸಲು ಬಂದವರು, ಸ್ಟೂಲಿನ ಮೇಲೆ ಕಣ್ಣೊರೆಸಿಕೊಳ್ಳುತ್ತ ಕುಳಿತಿದ್ದ ಮಗಳ ನೋಟ್‌ಬುಕ್ ಎತ್ತಿಕೊಂಡರು. ಗಂಟೆಗೆ 36 ಕಿಲೋಮೀಟರ್ ವೇಗದ ಬಸ್ಸಿಗೆ ಬ್ರೇಕ್ ಹಾಕಿದಾಗ ಅದರ ವೇಗ ಪ್ರತಿ ಸೆಕೆಂಡಿಗೂ ಸೆಕೆಂಡಿಗೆ 2 ಮೀಟರಿನಂತೆ ತಗ್ಗುತ್ತದೆ. ನಿಲ್ಲುವ ಮೊದಲು ಎಷ್ಟು ದೂರ ಹೋಗುತ್ತದೆ? ಇವಳು 36ರ ವರ್ಗವನ್ನು 4ರಿಂದ ಭಾಗಿಸಿ 324 ಮೀಟರ್ ಎಂದು ಬರೆದಿದ್ದಳು. ವೇಗದ ವರ್ಗವನ್ನು, ವೇಗ ತಗ್ಗುವ ದರದ ಎರಡರಷ್ಟರಿಂದ ಭಾಗಿಸು ಎಂಬ ಸೂತ್ರ ಸರಿ, ಭಾಗಾಕಾರವೂ ಸರಿ.

"ಈ ಸ್ಟಾಪಿನಲ್ಲಿ ಬ್ರೇಕ್ ಒತ್ತಿದರೆ ಬಸ್ಸು ಮುಂದಿನ ಸ್ಟಾಪಿನಲ್ಲಿ ನಿಲ್ಲುತ್ತದೆಯೇನಮ್ಮ?" ಎಂದರು. ಆಮೇಲೆ ನನ್ನ ಕೊರಳಿನ ಟೇಪನ್ನೇ ಎಳೆದುಕೊಂಡು ಒಂದು ಬದಿಯ ಇಂಚು, ಇನ್ನೊಂದು ಬದಿಯ ಸೆಂಟಿಮೀಟರ್ ತೋರಿಸಿದರು. "36 ಇಂಚಿನ ಎದೆಗೆ ನಿಮ್ಮಪ್ಪ 36 ಸೆಂಟಿಮೀಟರ್ ಅಳತೆ ಹಿಡಿದು ಕತ್ತರಿಸಿದರೆ?" ಹುಡುಗಿ ನಕ್ಕಳು. ಗಂಟೆಗೆ 36 ಕಿಲೋಮೀಟರ್ ಎಂದರೆ ಸೆಕೆಂಡಿಗೆ 10 ಮೀಟರ್. 10ರ ವರ್ಗ 100, ಅದನ್ನು 4ರಿಂದ ಭಾಗಿಸಿದರೆ 25. ಬಸ್ಸು 25 ಮೀಟರಿನಲ್ಲಿ ನಿಂತಿತು.

ಅಲ್ಲಿಯವರೆಗೆ ನಾನು ಕೊಟ್ಟಿದ್ದ ಬುದ್ಧಿ ಒಂದೇ: ಸೂತ್ರ ಉರು ಹೊಡೆ. ಟ್ಯೂಷನ್‌ನವರು ಫೀಸು ತೆಗೆದುಕೊಂಡು ಹೇಳಿದ್ದೂ ಅದನ್ನೇ. ಮೇಷ್ಟ್ರು ಬಿಡಿಗಾಸು ಮುಟ್ಟದೆ ನಾಲ್ಕು ತಿಂಗಳು ಸಂಜೆ ಬಂದು ಕುಳಿತರು. ಉತ್ತರ ಬರೆದ ಮೇಲೆ ಅದನ್ನು ಕಣ್ಣ ಮುಂದೆ ತಂದುಕೊಂಡು ನೋಡದೆ ಪುಟ ಮಗುಚಲು ಬಿಡುತ್ತಿರಲಿಲ್ಲ.

ಎರಡನೆಯವನು ನೀರಿನ ಕ್ಯಾನ್ ತರುವ ಹುಡುಗ. ನಮ್ಮದು ಮೂರನೇ ಮಹಡಿ, ಲಿಫ್ಟ್ ಇಲ್ಲ. 20 ಕಿಲೋ ನೀರು, 9 ಮೀಟರ್ ಎತ್ತರ, ಭೂಮಿ ಎಳೆಯುವ ಗುರುತ್ವ ವೇಗೋತ್ಕರ್ಷ 10 ಎಂದಿಟ್ಟುಕೊಂಡು ಮೂರನ್ನೂ ಗುಣಿಸಿದರೆ, ಕ್ಯಾನ್ ಮೇಲೆತ್ತಲು ಬೇಕಾದ ಶಕ್ತಿ 1,800 ಜೌಲ್. ಕರೆಂಟ್ ಬಿಲ್ಲಿನ ಒಂದು ಯೂನಿಟ್ ಎಂದರೆ 36 ಲಕ್ಷ ಜೌಲ್. "ಅಣ್ಣ, ನೀನು 2,000 ಕ್ಯಾನ್ ಹೊತ್ತರೆ ಒಂದು ಯೂನಿಟ್" ಎಂದು ಮಗಳು ಮೆಟ್ಟಿಲ ಮೇಲೆಯೇ ಲೆಕ್ಕ ಒಪ್ಪಿಸಿದಳು. ಅವನು ಕ್ಯಾನ್ ಇಳಿಸಿ, ಬೆವರೊರೆಸಿಕೊಂಡು, "ಕ್ಯಾನ್ ಹತ್ತಿಸಿದ್ದು ಸರಿ, ನನ್ನನ್ನು ಯಾರು ಹತ್ತಿಸಿದರು?" ಎಂದ. ಅವನ 55 ಕಿಲೋ ಸೇರಿಸಿದರೆ 6,750 ಜೌಲ್! ಮೇಷ್ಟ್ರಿಗೆ ಹೇಳಿದಾಗ ಅವರು ಸ್ಟೂಲಿನಿಂದ ಎದ್ದೇ ನಿಂತರು. ನನ್ನ ಮಟ್ಟಿಗೆ ಆ ವರ್ಷದ ಒಳ್ಳೆಯ ಪ್ರಶ್ನೆ ಅವನದೇ.

ಮೂರನೆಯವಳು ನನ್ನ ಹೆಂಡತಿ. ದ್ರವ್ಯದ ಪಾಠಕ್ಕೆ ಒಲೆಯನ್ನೇ ಬಿಟ್ಟುಕೊಟ್ಟಳು. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಕಡಿಮೆ, ಆದ್ದರಿಂದ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಕುದಿ ಬಂದ ಮೇಲೆ ಉರಿ ಹೆಚ್ಚಿಸಿದರೆ ಆವಿ ಹೆಚ್ಚುತ್ತದೆಯೇ ಹೊರತು ಬಿಸಿ ಹೆಚ್ಚುವುದಿಲ್ಲ. ಅಂದಿನಿಂದ ಬೇಳೆಗೆ ಕುದಿ ಬಂದೊಡನೆ ಉರಿ ತಗ್ಗಿಸುತ್ತಾಳೆ.

ಮೇಷ್ಟ್ರೇ, ನಿಮ್ಮ ಬೂದು ಪ್ಯಾಂಟಿನ ಸೊಂಟ ಒಂದೂವರೆ ಬಿಡಿಸಿ ಇಸ್ತ್ರಿ ಹಾಕಿ ಇಟ್ಟಿದ್ದೇನೆ. ಇಂಚು, ಸೆಂಟಿಮೀಟರ್ ಅಲ್ಲ. ಭಾನುವಾರದೊಳಗೆ ಬಂದು ಒಯ್ಯಿರಿ. ಈ ಸಲವೂ ಕೂಲಿ ಮೇಜಿನ ಮೇಲಿಟ್ಟು ಹೋದರೆ ಜಗಳವೇ ಆಗುತ್ತದೆ.