ಅವ್ವನ ಗಾಬರಿಗೆ ಉತ್ತರ

ಎನ್‌ಸ್ಖೆಡೆ, ನೆದರ್‌ಲೆಂಡ್ಸ್

ತೀರ್ಥರೂಪ ಅಪ್ಪಾಜಿಯವರಿಗೆ ಮತ್ತು ಅವ್ವನಿಗೆ ಶರಣು ಶರಣಾರ್ಥಿಗಳು.

ನಾನು ಕ್ಷೇಮವಾಗಿದ್ದೇನೆ. ರಷ್ಯಾದ ಒಂದು ರಹಸ್ಯ ರೇಡಿಯೋ ಕೇಂದ್ರದ ಬಗ್ಗೆ ತಮ್ಮ ತೋರಿಸಿದ ವಿಡಿಯೋ ನೋಡಿ ಅವ್ವ ಗಾಬರಿಯಾಗಿದ್ದಾಳೆಂದು ಅಕ್ಕ ಹೇಳಿದಳು. ಅವ್ವ, ನಾನು ಯಾರ ಗುಟ್ಟನ್ನೂ ಕದಿಯುತ್ತಿಲ್ಲ. ಕೆಲಸದಿಂದ ಬಂದ ಮೇಲೆ ಶಾರ್ಟ್‌ವೇವ್ ರೇಡಿಯೋ ಹಚ್ಚುತ್ತೇನೆ. ಕಳುಹಿಸಿದವರ ಹೆಸರಿಲ್ಲದೆ ಬರುವ ಸಂಕೇತಗಳನ್ನು ಕೇಳಿ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಫೋನಿನಲ್ಲಿ ಇದನ್ನೆಲ್ಲ ಬಿಡಿಸಿ ಹೇಳಲು ಆಗುವುದಿಲ್ಲ, ಅದಕ್ಕೇ ಈ ಪತ್ರ.

ವಿಡಿಯೋದಲ್ಲಿದ್ದ ಆ ಕೇಂದ್ರ ನಿಜವಾಗಿಯೂ ಇದೆ. ರಷ್ಯಾದಿಂದ 4625 ಕಿಲೋಹರ್ಟ್ಸ್ ಕಂಪನಾಂಕದಲ್ಲಿ ಹಗಲೂ ರಾತ್ರಿ ಪ್ರಸಾರವಾಗುತ್ತದೆ. ಕೇಳುಗರು ಅದನ್ನು 'ಬಜರ್' ಎನ್ನುತ್ತಾರೆ. ಒಂದು ಸೆಕೆಂಡಿಗಿಂತ ತುಸು ಹೆಚ್ಚು ಹೊತ್ತು ಗೊರಗುಟ್ಟಿ ನಿಲ್ಲುತ್ತದೆ, ಮತ್ತೆ ಗೊರಗುಟ್ಟುತ್ತದೆ. ನಿಮಿಷಕ್ಕೆ ಸುಮಾರು 25 ಸಲ. ಕೆಲವೊಮ್ಮೆ ಸದ್ದು ಗಕ್ಕನೆ ನಿಂತು ಗಂಡುದನಿಯೊಂದು ರಷ್ಯನ್ ಭಾಷೆಯಲ್ಲಿ ಓದತೊಡಗುತ್ತದೆ. ಅಕ್ಷರ ತಪ್ಪಿ ಕೇಳಿಸಬಾರದೆಂದು ಒಂದೊಂದಕ್ಕೂ ಒಂದೊಂದು ಹೆಸರು: ಮಿಖಾಯಿಲ್, ದ್ಮಿತ್ರಿ, ಝೆನ್ಯಾ, ಬೋರಿಸ್. 2010ರಿಂದ ಕೆಲವು ವರ್ಷ ಆ ಕೇಂದ್ರ ತನ್ನನ್ನು ಗುರುತಿಸಿಕೊಳ್ಳುತ್ತಿದ್ದುದೇ ಈ ನಾಲ್ಕು ಹೆಸರುಗಳ ಮೊದಲ ಅಕ್ಷರಗಳಿಂದ. ಆಮೇಲೆ ಅಂಕಿಗಳು, ಒಂದು ಪದ, ಮತ್ತೆ ಅಂಕಿಗಳು. ಅದು ಅಲ್ಲಿನ ಸೇನೆಯ ಸಂದೇಶಜಾಲವೆಂಬುದು ಬಲ್ಲವರ ಅಂದಾಜು. ಅದು ನಿಂತರೆ ಅಣ್ವಸ್ತ್ರಗಳು ತಾವಾಗಿಯೇ ಹಾರುತ್ತವೆ ಎಂಬ ವಿಡಿಯೋದ ಮಾತಿಗೆ ಯಾವ ಆಧಾರವೂ ಇಲ್ಲ. 2010ರ ಜೂನ್‌ನಲ್ಲಿ ಅದು ನಿಂತಿತ್ತು, ಏನೂ ಆಗಲಿಲ್ಲ. ಇಂಥ ಕಟ್ಟುಕಥೆ ಕೇಳಿದರೆ ನನಗೆ ಸಿಟ್ಟು ಬರುತ್ತದೆ, ಏಕೆಂದರೆ ನಿಜ ಸಂಗತಿ ಇದಕ್ಕಿಂತ ಸ್ವಾರಸ್ಯವಾಗಿದೆ. 2001ರಲ್ಲಿ ಒಮ್ಮೆ ಆ ಗೊರಗುಟ್ಟುವಿಕೆಯ ಹಿಂದೆ ಯಾರೋ ಮಾತಾಡಿಕೊಳ್ಳುವುದು ಕೇಳಿಸಿತು. ಅಂದರೆ ಸದ್ದು ಮಾಡುವ ಯಂತ್ರದ ಹತ್ತಿರ ಮೈಕ್ ತೆರೆದೇ ಇತ್ತು, ಆ ಕೋಣೆಯಲ್ಲಿ ಜನರೂ ಇದ್ದರು! ಕಿವಿಗೊಟ್ಟು ಕುಳಿತವರಿಗೆ ಸಿಕ್ಕ ಸುಳಿವು ಅದು.

ಬರೀ ಅಂಕಿಗಳನ್ನು ಓದುವ ಕೇಂದ್ರಗಳು ಬೇರೆ. ಅವು ಗೂಢಚಾರರಿಗೆ ಮೀಸಲು. ಅಂಕಿಗಳಿಗೆ ಅರ್ಥ ಕೊಡುವ ಹಾಳೆ ಕಳುಹಿಸುವವನ ಬಳಿ ಒಂದು, ಕೇಳುವವನ ಬಳಿ ಒಂದು; ಒಮ್ಮೆ ಬಳಸಿ ಸುಟ್ಟುಬಿಡಬೇಕು. ಹಾಳೆಯಿಲ್ಲದೆ ಇಂಥ ಸಂದೇಶವನ್ನು ಯಾರಿಂದಲೂ ಒಡೆಯಲಾಗದೆಂದು ಗಣಿತಜ್ಞ ಕ್ಲಾಡ್ ಶ್ಯಾನನ್ 1949ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಸಾಧಿಸಿ ತೋರಿಸಿದರು. ಅಮೆರಿಕದ ರಕ್ಷಣಾ ಗುಪ್ತಚರ ಇಲಾಖೆಯಲ್ಲಿದ್ದ ಆನಾ ಮಾಂಟೆಸ್ ಕ್ಯೂಬಾದಿಂದ ಸೂಚನೆ ಪಡೆಯುತ್ತಿದ್ದುದು ಇಂಥ ರೇಡಿಯೋ ಅಂಕಿಗಳಿಂದಲೇ, 2001ರಲ್ಲಿ ಸಿಕ್ಕಿಬಿದ್ದಳು. ಫೋನಿಗಾದರೆ ಕರೆಯ ದಾಖಲೆ ಉಳಿಯುತ್ತದೆ, ರೇಡಿಯೋ ಕೇಳಿದವನ ಗುರುತು ಎಲ್ಲಿಯೂ ಉಳಿಯುವುದಿಲ್ಲ. ನನಗೂ ಆ ಅಂಕಿಗಳ ಅರ್ಥ ಎಂದಿಗೂ ಸಿಗದು. ಯಾವ ಹೊತ್ತಿಗೆ, ಯಾವ ಕಂಪನಾಂಕದಲ್ಲಿ, ಎಂಥ ದನಿ ಬಂತು ಎಂಬುದಷ್ಟೇ ನನ್ನ ಪಾಲಿಗೆ.

ಅಪ್ಪಾಜಿ, 1976ರಿಂದ 1989ರವರೆಗೆ ಶಾರ್ಟ್‌ವೇವ್‌ನಲ್ಲಿ ಸೆಕೆಂಡಿಗೆ 10 ಸಲ ಟಕಟಕ ಎನ್ನುವ ಸದ್ದು ಎಲ್ಲರಿಗೂ ಕಾಟ ಕೊಡುತ್ತಿತ್ತು. ಚೆರ್ನೋಬಿಲ್ ಬಳಿಯ ಸೋವಿಯತ್ ರೇಡಾರ್ ಅದು. ನೀವು ವಾರ್ತೆ ಹಚ್ಚಿದಾಗ ಎಂದಾದರೂ ಕೇಳಿದ ನೆನಪಿದೆಯೇ? ಇದ್ದರೆ ಬರೆಯಿರಿ. ಚಿತ್ತಾಪುರದ ಕಚೇರಿಯಲ್ಲಿ ಮಳೆಯ ಲೆಕ್ಕ ಬರೆದವರು ನೀವು. ಬಾರದ ದಿನ ಸೊನ್ನೆ ಹಾಕುತ್ತಿದ್ದಿರಿ, ಬಂದಷ್ಟೇ ಬರೆಯುತ್ತಿದ್ದಿರಿ. ನನ್ನ ನೋಟ್‌ಬುಕ್ಕೂ ಹಾಗೆಯೇ ಇರಬೇಕೆಂದು ನನ್ನ ಆಸೆ.

ನೀವೂ ಒಮ್ಮೆ ಕೇಳಿ. ಇಲ್ಲಿನ ಟ್ವೆಂಟೆ ವಿಶ್ವವಿದ್ಯಾಲಯದಲ್ಲಿ ಒಂದು ರೇಡಿಯೋ ರಿಸೀವರ್ ಇದೆ, ಅದರಲ್ಲಿ ಇಂಟರ್‌ನೆಟ್ ಮೂಲಕ ಯಾರು ಬೇಕಾದರೂ ತಮಗೆ ಬೇಕಾದ ಕಂಪನಾಂಕ ಹಾಕಿ ಕೇಳಬಹುದು. ತಮ್ಮನ ಮೊಬೈಲಿನಲ್ಲಿ ರಾತ್ರಿ ಹತ್ತಕ್ಕೆ 4625 ಹಾಕಿಸಿ. ಆಗ ಇಲ್ಲಿ ಸಂಜೆ ಐದೂವರೆ, ಡಿಸೆಂಬರಿನಲ್ಲಿ ಅಷ್ಟೊತ್ತಿಗೆ ಕತ್ತಲಾಗಿರುತ್ತದೆ. ಕತ್ತಲಾದ ಮೇಲೆ ಈ ಅಲೆಗಳು ಆಕಾಶದ ಮೇಲಿನ ಪದರಕ್ಕೆ ತಾಗಿ ದೂರದೂರಕ್ಕೆ ಬರುತ್ತವೆ. ಹಗಲಿನಲ್ಲಿ ಕೆಳಗಿನ ಇನ್ನೊಂದು ಪದರ ಅವುಗಳನ್ನು ನುಂಗಿಬಿಡುತ್ತದೆ.

ತೊಗರಿ ರಾಶಿ ಆಯಿತೇ? ಈ ಸಲ ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋದಾಗ ಹಳೆಯ ರೇಡಿಯೋವನ್ನೂ ಒಯ್ಯಿರಿ. ಕಲಬುರಗಿಯ ಮನೆಯಲ್ಲಿ ಎಲ್‌ಇಡಿ ದೀಪ, ಚಾರ್ಜರುಗಳ ಗರಗರ ಶಬ್ದವೇ ಹೆಚ್ಚು. ಹೊಲದಲ್ಲಿ ಆ ಕಾಟವಿಲ್ಲ. ಕೇಳಿದ್ದನ್ನು ಗಂಟೆ ಸಮೇತ ಬರೆದು ಕಳುಹಿಸಿ. ಅವ್ವ, ಯಾರಾದರೂ ಈ ಕಡೆ ಬರುವವರಿದ್ದರೆ ಶೇಂಗಾ ಹಿಂಡಿ ಕೊಟ್ಟು ಕಳುಹಿಸು.

ನಿಮ್ಮ ಮಗ,
ಶಿವು