ನಮ್ಮ ಚಾನೆಲ್ಲಿನ ಟೇಪುಗಳನ್ನು ಉಳಿಸಿಕೊಟ್ಟವರಿಗೆ

ಗದಗಿನ ನಮ್ಮ ಕೇಬಲ್ ಚಾನೆಲ್ಲಿನ ಹಳೆಯ ಟೇಪುಗಳನ್ನು ಡಿಜಿಟಲ್ ರೂಪಕ್ಕೆ ತರುವ ಕೆಲಸ ಕಳೆದ ವಾರ ಮುಗಿಯಿತು. ಟೇಪುಗಳಿದ್ದ ಕೋಣೆಗೆ ನೀರು ನುಗ್ಗಿದ್ದೂ ಆಮೇಲಿನ ಓಡಾಟವೂ ನಿಮಗೆಲ್ಲ ತಿಳಿದದ್ದೇ ಆದ್ದರಿಂದ ಅದನ್ನು ಮತ್ತೆ ವಿವರಿಸುವುದಿಲ್ಲ. ನೆರವಾದವರನ್ನು ನೆನೆಯುವುದಕ್ಕಾಗಿ ಇಷ್ಟು ಬರೆಯುತ್ತಿದ್ದೇನೆ.

ಎಲ್ಲರಿಗಿಂತ ಮೊದಲು ನಮ್ಮ ಕಂಟ್ರೋಲ್ ರೂಮಿನ ಕಾಕಾ. ಹೆಸರು ಹಾಕಕೂಡದೆಂದು ಅವರು ಕಟ್ಟುನಿಟ್ಟಾಗಿ ಹೇಳಿದ್ದಾರೆ. ತೊಂಬತ್ತರ ದಶಕದಲ್ಲಿ ಮಾಳಿಗೆಯಿಂದ ಮಾಳಿಗೆಗೆ ಕೇಬಲ್ ಎಳೆದವರು, ಮಳೆಯಲ್ಲೂ ಕಂಬ ಹತ್ತಿ ಆಂಪ್ಲಿಫೈಯರ್ ಸರಿಪಡಿಸಿದವರು, ಕ್ಯಾಸೆಟ್ ಓಡಿಸುವ ವಿಸಿಆರ್ ಒಂದನ್ನು, ಚಿತ್ರವನ್ನು ಕೇಬಲ್ಲಿನ ಚಾನೆಲ್ಲಿಗೆ ಏರಿಸುವ ಮಾಡ್ಯುಲೇಟರಿಗೆ ಜೋಡಿಸಿ, ಖಾಲಿ ಬಿದ್ದಿದ್ದ ಚಾನೆಲ್ಲಿನಲ್ಲಿ ತೋಂಟದಾರ್ಯ ಮಠದ ಜಾತ್ರೆಯನ್ನು ಗದಗ-ಬೆಟಗೇರಿಯ ಮನೆಮನೆಗೆ ತೋರಿಸಿದವರು ಅವರೇ. ಅದು ಸಣ್ಣ ಸಂಗತಿಯಲ್ಲ. ಧಾರವಾಡ ಆಕಾಶವಾಣಿ 1950ರಿಂದಲೇ ನಮ್ಮ ದನಿಯನ್ನು ನಮಗೆ ಕೇಳಿಸುತ್ತಿತ್ತು. ಚಿತ್ರದ ಮಾತು ಹಾಗಿರಲಿಲ್ಲ. 1975–76ರ ಉಪಗ್ರಹ ಟಿವಿ ಪ್ರಯೋಗ ಕರ್ನಾಟಕದಲ್ಲಿ ಅಂದಿನ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳಿಗೆ ಬಂದು ಹೋಯಿತು. 1981ರಲ್ಲಿ ಬೆಂಗಳೂರು ದೂರದರ್ಶನ ಕೇಂದ್ರ ಆರಂಭವಾಯಿತು. ಆದರೆ ನಮ್ಮ ಸಂತೆ, ನಮ್ಮ ಓಣಿಯ ನೀರಿನ ತಾಪತ್ರಯ, ನಮ್ಮ ನಗರಸಭೆಯ ವಾಗ್ವಾದ ನಮ್ಮ ಕಣ್ಣಿಗೆ ದಿನವೂ ಬೀಳತೊಡಗಿದ್ದು ಇಂಥ ಸಣ್ಣ ಚಾನೆಲ್ಲುಗಳು ಹುಟ್ಟಿದ ಮೇಲೆಯೇ.

ಹೊಸ ಕ್ಯಾಸೆಟ್ಟಿಗೆ ಆಗ ಹಣವಿರುತ್ತಿರಲಿಲ್ಲ. ಇಂದಿನ ಸುದ್ದಿಯನ್ನು ನಿನ್ನೆಯ ಸುದ್ದಿಯ ಮೇಲೆಯೇ ರೆಕಾರ್ಡ್ ಮಾಡುತ್ತಿದ್ದೆವು. ವಿಎಚ್‌ಎಸ್ ಕ್ಯಾಸೆಟ್ಟಿನ ಅಂಚಿನಲ್ಲಿ ಚಿಕ್ಕ ಪ್ಲಾಸ್ಟಿಕ್ ತುಣುಕೊಂದಿರುತ್ತದೆ. ಅದನ್ನು ಮುರಿದರೆ ಯಂತ್ರ ಮತ್ತೆ ಅದರ ಮೇಲೆ ರೆಕಾರ್ಡ್ ಮಾಡುವುದಿಲ್ಲ. ಕಾಕಾ ಯಾರನ್ನೂ ಕೇಳದೆ ಕೆಲವು ಕ್ಯಾಸೆಟ್ಟುಗಳ ತುಣುಕು ಮುರಿದು, "ಇದು ಇರ್ಲಿ" ಎಂದು ಕಪಾಟಿನಲ್ಲಿಡುತ್ತಿದ್ದರು, ಅದಕ್ಕಾಗಿ ಮಾಲೀಕರಿಂದ ಬೈಸಿಕೊಳ್ಳುತ್ತಿದ್ದರು. 1997ರಲ್ಲಿ ಗದಗ ಪ್ರತ್ಯೇಕ ಜಿಲ್ಲೆಯಾದಾಗಿನ ಸಂಭ್ರಮವಾಗಲಿ, ವೀರೇಶ್ವರ ಪುಣ್ಯಾಶ್ರಮದಲ್ಲಿ ಪುಟ್ಟರಾಜ ಗವಾಯಿಗಳು ಮಕ್ಕಳ ನಡುವೆ ಕುಳಿತ ದೃಶ್ಯವಾಗಲಿ ಇಂದು ನೋಡಲು ಸಿಗುತ್ತಿದ್ದರೆ ಅದು ಆ ಹಟದ ಫಲ.

ನೀರು ನುಗ್ಗಿದ ರಾತ್ರಿ ಮೊಣಕಾಲು ನೋವನ್ನೂ ಲೆಕ್ಕಿಸದೆ ಮೊದಲು ಬಂದವರೂ ಅವರೇ. "ತೊಯ್ದದ್ದನ್ನ ಮಷೀನಿಗೆ ಹಾಕಬ್ಯಾಡ್ರಿ, ಬಿಸಿಗಾಳಿ ಹಿಡಿಬ್ಯಾಡ್ರಿ" ಎಂದು ನಮ್ಮೆಲ್ಲರನ್ನೂ ತಡೆದರು. ಒಂದೊಂದೇ ಕ್ಯಾಸೆಟ್ಟಿನ ಸ್ಕ್ರೂ ಬಿಚ್ಚಿ, ಸುರುಳಿಯನ್ನು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿನಲ್ಲಿ ತೊಳೆದು, ಯಾವ ಸುರುಳಿ ಯಾವ ಚೀಟಿಯದೆಂಬುದು ತಪ್ಪದಂತೆ ಸಾಲಾಗಿ ಇಟ್ಟರು. ಒಣಗಲು ಸುದ್ದಿಪತ್ರಿಕೆಯ ಮೇಲಿಟ್ಟರೆ ಅದರ ಶಾಯಿ ಹತ್ತೀತೆಂದು ಅವರು ಅಂಜಿದಾಗ, ನಡುರಾತ್ರಿ ಮುದ್ರಣಾಲಯದ ಬಾಗಿಲು ತೆಗೆದು ಖಾಲಿ ಕಾಗದದ ಕಟ್ಟುಗಳನ್ನು ಕಳಿಸಿದ ಅಣ್ಣನವರ ಉಪಕಾರವನ್ನೂ ಇಲ್ಲಿಯೇ ಹೇಳಬೇಕು. ಬೆಳಗಾದಾಗ ನಾವೆಲ್ಲ ಗೋಡೆಗೆ ಒರಗಿದ್ದೆವು. ಕಾಕಾ ಇನ್ನೂ ಸ್ಕ್ರೂ ಬಿಚ್ಚುತ್ತಿದ್ದರು.

ಎಲ್ಲವೂ ಉಳಿಯಲಿಲ್ಲ. ಇಡೀ ಊರನ್ನು ಚಿತ್ರಿಸಿದ ನಮ್ಮ ಕ್ಯಾಮೆರಾಮನ್ ತಾವು ಕಾಣಿಸಿಕೊಂಡದ್ದು ಒಂದೇ ಒಂದು ಟೇಪಿನಲ್ಲಿ, ಬನ್ನಿ ಹಂಚಿಕೊಳ್ಳುವ ದಿನ ಯಾರೋ ಕ್ಯಾಮೆರಾವನ್ನು ಅವರ ಕಡೆ ತಿರುಗಿಸಿದ್ದರಿಂದ. ಅವರು ಈಗಿಲ್ಲ. ಆ ಟೇಪಿನ ಚಿತ್ರ ಪೂರ್ತಿ ಹೋಗಿದೆ. ವಿಎಚ್‌ಎಸ್‌ನಲ್ಲಿ ದನಿ ಟೇಪಿನ ಅಂಚಿಗುಂಟ ಬೇರೆಯಾಗಿ ದಾಖಲಾಗುವುದರಿಂದ, "ಬನ್ನಿ ತಗೊಂಡು ಬಂಗಾರದಂಗ ಇರೋಣ್ರಿ" ಎಂಬ ಅವರ ಮಾತು ಮಾತ್ರ ಉಳಿದಿದೆ. ಅವರ ಪತ್ನಿ, ನಮ್ಮ ವೈನಿಯವರಿಗೆ ಅದನ್ನು ಕೇಳಿಸಿದ ಮಧ್ಯಾಹ್ನದ ಬಗ್ಗೆ ಬರೆಯುವ ಶಕ್ತಿ ನನಗಿಲ್ಲ. ಅಷ್ಟು ಜನರ ಮುಖಗಳನ್ನು ಕಾಯ್ದವರ ಮುಖವನ್ನೇ ನಾವು ಕಾಯಲಾಗಲಿಲ್ಲವೆಂಬ ಸಂಕಟ ಇನ್ನೂ ಇದೆ. ಆದರೂ ದನಿ ಉಳಿಯಿತು. ಅದಕ್ಕೂ ಕಾಕಾ ಅವರಿಗೇ ಋಣಿ.

ಹಾರ್ಡ್ ಡಿಸ್ಕ್ ಕೊಡಿಸಿದ ಗೆಳೆಯರಿಗೆ, ಮೂರು ತಾಸಿನ ಟೇಪಿಗೆ ಮೂರು ತಾಸೂ ಎದುರಿಗೆ ಕುಳಿತು ನಕಲು ಮಾಡಿದ ಕಾಲೇಜಿನ ಹುಡುಗ-ಹುಡುಗಿಯರಿಗೆ, ದಿನವೂ ರೊಟ್ಟಿಬುತ್ತಿ ಕಳಿಸಿದ ಓಣಿಯ ಅಕ್ಕಂದಿರಿಗೆ, ಹಳೆಯ ಮುಖಗಳನ್ನು ಗುರುತಿಸಿ ಹೆಸರು ಹೇಳಿದ ಬೆಟಗೇರಿಯ ಹಿರಿಯರಿಗೆ ನಮ್ಮ ವಂದನೆಗಳು.

ಸೆಟ್‌ಟಾಪ್ ಬಾಕ್ಸುಗಳ ಕಾಲದಲ್ಲಿ ನಮ್ಮ ಚಾನೆಲ್ ನಿಂತುಹೋಯಿತು, ಅದು ಮರಳಿ ಆರಂಭವಾಗುವುದಿಲ್ಲ. ನಕಲುಗಳನ್ನು ಮಾತ್ರ ಎರಡು ಬೇರೆ ಬೇರೆ ಕಡೆ ಇಟ್ಟಿದ್ದೇವೆ. ನಿಮ್ಮ ಮನೆಯ ಅಟ್ಟದ ಮೇಲೆ ನಮ್ಮ ಕ್ಯಾಸೆಟ್ಟುಗಳಿದ್ದರೆ ದಯವಿಟ್ಟು ಹಚ್ಚಿ ನೋಡಬೇಡಿ. ಬೂಸು ಹಿಡಿದಿದ್ದರೂ ಹಾಗೆಯೇ ಕಾಕಾ ಅವರಿಗೆ ತಲುಪಿಸಿ. ಅವರು ವಿಸಿಆರಿನ ಹೆಡ್ ಒರೆಸಿ ಸಿದ್ಧವಾಗಿಟ್ಟುಕೊಂಡಿದ್ದಾರೆ.